ಮುಡಿ ಅಂದ್ರೆ ಕೂದಲಾ, ತುರುಬಾ?

ನಾವು ಕಾಸರಗೋಡಿನ ಕುಂಬಳೆ ಕಡೆಯವರು. ಮಗಳ ಮಲಯಾಳಿ ಗೆಳತಿ "ನಿನ್ನ ಮುಡಿ ಚಂದ ಉಂಟು" ಅಂದಳಂತೆ, ಆದರೆ ಇವಳು ಅವತ್ತು ಕೂದಲು ಬಿಟ್ಟುಕೊಂಡೇ ಹೋಗಿದ್ದಳು. ಹಾಗಾದರೆ ಮುಡಿ ಯಾವುದು?

ಉತ್ತರ 1: ಮಲಯಾಳದಲ್ಲಿ ಮುಡಿ ಅಂದರೆ ಬರೀ ಕೂದಲು. ನಮಗೆ ಹೆಚ್ಚಾಗಿ ಕಟ್ಟಿದ ಕೂದಲೇ ಮುಡಿ, ಹೂವು ಮುಡಿಯುವುದೂ ಅದರಿಂದಲೇ ಅಲ್ವಾ. ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯದಲ್ಲಿ ತಲೆ ಮೇಲಿನ ದೊಡ್ಡ ಅಲಂಕಾರವೂ ಮುಡಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯೂ ಮುಡಿ! ನನಗೆ ತುಂಬಾ ಇಷ್ಟದ ಪದ ಇದು.

ಉತ್ತರ 2: ಜಡೆಯಲ್ಲೂ ಹುಷಾರು. ನಮಗೆ ಹೆಣೆದದ್ದು ಜಡೆ, ಮಲಯಾಳದವರಿಗೆ ಜಟ ಅಂದರೆ ಸಿಕ್ಕುಗಟ್ಟಿದ ಕೂದಲು, ಸನ್ಯಾಸಿಗಳದ್ದು. ಸುತ್ತಿ ಕಟ್ಟಿದರೆ ತುರುಬು. ಧಾರವಾಡದ ನನ್ನ ಅತ್ತಿಗೆ ಜಡೆಗೆ ಹೆರಳು ಅನ್ನುತ್ತಾರೆ.

ಉತ್ತರ 3: ಮನೆಯಲ್ಲಿ ತುರುಬು ಅನ್ನಿ, ಮಕ್ಕಳ ಬಾಯಲ್ಲಿ ಈಗ ಬನ್ ಜಾಸ್ತಿ.