ಚಿಕ್ಕ ಮಕ್ಕಳಿಗೆ ಕವಿಗಳ ಪರಿಚಯ: ನೀವು ಹೇಗೆ ಮಾಡಿಸುತ್ತೀರಿ?

ಪ್ರಶ್ನೆ: ಎರಡನೇ, ಮೂರನೇ ಕ್ಲಾಸಿನ ಮಕ್ಕಳಿಗೆ ತಿಂಗಳಿಗೊಬ್ಬ ಮಕ್ಕಳ ಕವಿ ಅಥವಾ ಲೇಖಕರ ಪರಿಚಯ ಮಾಡಿಸಬೇಕು ಅಂತ ನಮ್ಮ ಶಾಲೆಯಲ್ಲಿ ಮಾತಾಗಿದೆ. ಫೋಟೊ ತೋರಿಸಿ ಹುಟ್ಟಿದ ಊರು, ಇಸವಿ, ಪ್ರಶಸ್ತಿ ಅಂತ ಹೇಳುತ್ತಾ ಹೋದರೆ ಆಕಳಿಕೆ ಶುರುವಾಗುತ್ತದೆ. ಯಾರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

ನಲಿ-ಕಲಿ ಟೀಚರ್, ತುಮಕೂರು ಕಡೆ: ಮೇಡಂ, ಮೊದಲು ಪದ್ಯ ಬರಲಿ, ಕವಿ ಆಮೇಲೆ ಬರಲಿ. ನಾನು ಪ್ರತಿ ವರ್ಷ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಇಟ್ಟುಕೊಂಡೇ ಶುರು ಮಾಡುತ್ತೇನೆ. ಅರ್ಥ ಗಿರ್ಥ ಹೇಳಲು ಹೋಗುವುದಿಲ್ಲ. ಹಳೇ ಪೇಪರ್ ಸುತ್ತಿ ತುತ್ತೂರಿ ಮಾಡಿಕೊಡುತ್ತೇನೆ, ಒಬ್ಬ ಕಸ್ತೂರಿ ಆಗುತ್ತಾನೆ, ಜಂಬದಿಂದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾನೆ. ತುತ್ತೂರಿ ನೀರಿಗೆ ಜಾರಿದ ಮೇಲೆ ಸರಿಗಮ ಹೊರಡದೆ ಬರೀ ‘ಗಗಗಗ’ ಅನ್ನುತ್ತದಲ್ಲ, ಇಡೀ ಕ್ಲಾಸು ಆ ಜಾಗಕ್ಕೇ ಕಾದಿರುತ್ತದೆ. ಗಲಾಟೆ ಕೇಳಿ ಪಕ್ಕದ ಕ್ಲಾಸಿನವರು ಬಾಗಿಲಲ್ಲಿ ಇಣುಕುತ್ತಾರೆ. ಸ್ವಲ್ಪ ದಿನ ಬಿಟ್ಟು ‘ನಾಯಿಮರಿ’ ಹಾಡಿಸುತ್ತೇನೆ. ಆಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, “ಇದೂ ಅವರೇ ಬರೆದಿದ್ದಾ ಮಿಸ್?” ಅಂತ. ಪರಿಚಯಕ್ಕೆ ಅದೇ ಸರಿಯಾದ ಹೊತ್ತು. ರಾಮನಗರದಲ್ಲಿ ಹುಟ್ಟಿದವರು, ಕನ್ನಡ ಮೇಷ್ಟ್ರಾಗಿದ್ದರು ಅಂದರೆ ಸಾಕು. (ಅವರದೇ ‘ರತ್ನನ ಪದಗಳು’ ಸದ್ಯಕ್ಕೆ ಬೇಡ. ಯೆಂಡದ ಪದ ಮನೆಯಲ್ಲಿ ಹಾಡಿದರೆ ಅಪ್ಪ ಅಮ್ಮ ನಮ್ಮನ್ನೇ ಕೇಳುತ್ತಾರೆ!)

ವಿಜಯಪುರದಿಂದ: ಬರೀ ಮೈಸೂರು, ಬೆಂಗಳೂರು ಕಡೆಯವರೇ ಯಾಕ್ರೀ? ‘ನಾವು ಎಳೆಯರು ನಾವು ಗೆಳೆಯರು’ ಎಷ್ಟು ಶಾಲೆಗಳಲ್ಲಿ ಹಾಡಿಸುತ್ತಾರೆ. ಬರೆದವರು ಯಾರು ಅಂದರೆ ಹಾಡಿಸುವವರೇ ತಲೆ ಕೆರೆದುಕೊಳ್ಳುತ್ತಾರೆ. ಶಂ.ಗು. ಬಿರಾದಾರ ಅವರದು. ಬಾಯಿಗೆ ಬಂದ ಹಾಡಿಗೆ ಹೆಸರು ಜೋಡಿಸೋದು ಎಲ್ಲಕ್ಕಿಂತ ಸಲೀಸು. ಸಿಸು ಸಂಗಮೇಶರ ಪದ್ಯಗಳನ್ನೂ ಹುಡುಕಿ ನೋಡಿ.

ದಕ್ಷಿಣ ಕನ್ನಡದ ಮೇಷ್ಟ್ರು: ನಮಗೆ ಜೂನ್ ಅಂದರೆ ಪಂಜೆ ಮಂಗೇಶರಾಯರು. ಹೊರಗೆ ಗಾಳಿಮಳೆ ಜೋರಾದಾಗ ಕಿಟಕಿ ತೆಗೆದು ‘ತೆಂಕಣ ಗಾಳಿಯಾಟ’ ಗಟ್ಟಿಯಾಗಿ ಓದುತ್ತೇನೆ. ಅರ್ಧಕ್ಕರ್ಧ ಮಾತು ಮಕ್ಕಳಿಗೆ ತಿಳಿಯುವುದಿಲ್ಲ, ಗಾಳಿ ಮಾತ್ರ ತಿಳಿಯುತ್ತದೆ. ಒಂದು ಮಾತು, ಇಸವಿಯನ್ನು ಪೂರ್ತಿ ಬಿಡಬೇಡಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು ಅಂದಾಗ ನಮ್ಮ ಮಕ್ಕಳು “ಹಾಗಾದರೆ ನಮ್ಮಜ್ಜನ ಅಜ್ಜನಾ ಸರ್?” ಅಂತ ಲೆಕ್ಕಕ್ಕೆ ಕೂತರು. ಅವರು ‘ಕವಿಶಿಷ್ಯ’ ಅಂತ ಹೆಸರಿಟ್ಟುಕೊಂಡು ಬರೆಯುತ್ತಿದ್ದರು ಅಂದಿದ್ದೇ ತಡ, ಎಲ್ಲರೂ ತಮಗೊಂದು ಹೆಸರು ಹುಡುಕಿದರು. ಒಬ್ಬ ಈಗಲೂ ನೋಟ್ ಪುಸ್ತಕದ ಮೇಲೆ ‘ಬಂಗುಡೆ’ ಅಂತಲೇ, ಅಂದರೆ ಮೀನಿನ ಹೆಸರನ್ನೇ ಬರೆಯುವುದು.

ಅಮೆರಿಕದಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವಳು: ನಮ್ಮಲ್ಲಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೈಹಿಡಿಯಿತು. ಅರ್ಧ ಓದುವಷ್ಟರಲ್ಲಿ “ಅಯ್ಯೋ, ಇದು ಪೈಡ್ ಪೈಪರ್!” ಅಂತ ಕೂಗಿದರು. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಆ ಕವಿತೆಯನ್ನು ಕುವೆಂಪು ತುಂಗಾ ತೀರಕ್ಕೆ ತಂದಿದ್ದು ಅಂದಾಗ ತುಂಗಾ ಎಲ್ಲಿದೆ ಅಂತ ಮ್ಯಾಪ್ ನೋಡಿದ್ದೂ ಆಯಿತು. ಇಲಿಗಳ ಪಟ್ಟಿ ಬರುವ ಕಡೆ ಒಬ್ಬೊಬ್ಬರಿಗೆ ಒಂದೊಂದು ಇಲಿ ಹಂಚಿ, ಆಗ ಸುಮ್ನೆ ಕೂರುವವರೇ ಇರಲ್ಲ.

ಗ್ರಂಥಾಲಯ ನೋಡಿಕೊಳ್ಳುವವರು: ಎಲ್ಲ ಸರಿ, ಆದರೆ ಮೇಲೆ ಹೇಳಿದವರೆಲ್ಲ ತೀರಿಹೋದವರು ಅಲ್ವಾ? ಬರೆಯುವವರು ಅಂದರೆ ಗೋಡೆ ಮೇಲಿನ ಫೋಟೊ ಅಂತ ಮಕ್ಕಳು ತಿಳಿದುಬಿಡುತ್ತಾರೆ. ಈಗ ಬರೆಯುತ್ತಿರುವವರನ್ನೂ ಸೇರಿಸಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಪುಸ್ತಕಕ್ಕೆ ಬಂತು. ಎರಡನೇ ಕ್ಲಾಸಿನವರು ತಾವೇ ಓದಲು ಕಷ್ಟ, ನೀವು ದಿನಕ್ಕೆರಡು ಪುಟ ಓದಿ ಹೇಳಿ. ಆಮೇಲೆ ಪ್ರಕಾಶಕರ ವಿಳಾಸಕ್ಕೆ ಮಕ್ಕಳಿಂದ ಪತ್ರ ಹಾಕಿಸಿ. ‘ತಮ್ಮ ಕೃತಿ ಬಹಳ ಚೆನ್ನಾಗಿದೆ’ ಅಂತ ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಬೇಡಿ. ನಮ್ಮಲ್ಲಿ ಒಬ್ಬಳು “ಬಾವಲಿ ನಿಮಗೆ ಕಚ್ಚಿದೆಯಾ?” ಅಂತ ಅಷ್ಟೇ ಬರೆದಿದ್ದಳು, ಹಾಗೇ ಕಳಿಸಿದೆವು. ಶಾಲೆಯ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಕವರ್ ಒಂದನ್ನು ಜೊತೆಗಿಡಿ, ಉತ್ತರ ಬರೆಯುವವರಿಗೆ ಅನುಕೂಲ.