ಅಪ್ಪಾರ ರೆಟಿನಾ ಹಿಂದಿನ ನೀರಾಗ ಸೆಲ್ಸ್ ಇದ್ದುವಂತ, ಅಂದ್ರ ಏನ್ರಿ?

ಗದಗಿನ ಹುಡುಗಿ:
ಅಪ್ಪಾರ ಬಲಗಣ್ಣಿನ ರೆಟಿನಾ, ಅಂದ್ರ ಕಣ್ಣಿನ ಹಿಂದಿನ ಪರದೆ, ಕಳಚಿತ್ತು. ಹುಬ್ಬಳ್ಳ್ಯಾಗ ಆಪರೇಷನ್ ಆತು, ಕಣ್ಣಾಗ ಗ್ಯಾಸ್ ತುಂಬಿ ಬೋರಲ ಮಲಗಿಸ್ಯಾರ. "ಪರದೆ ಹಿಂದ ನಿಂತ ನೀರು ತಗದ್ವಿ, ಅದರಾಗ ಸೆಲ್ಸ್ ಇದ್ದುವು, ಸ್ವಲ್ಪ ನೋಡ್ಕೊಂಡಿರ್ರಿ" ಅಂದ್ರು ಡಾಕ್ಟ್ರು. ಕ್ಯಾನ್ಸರ್ ಅಂತ ತಿಳದು ನಮ್ಮವ್ವ ಊಟಾನ ಬಿಟ್ಟಾಳ. ಬಲ್ಲವರು ಹೇಳ್ರಿ.

ಕೇಶ್ವಾಪುರ ಕಾಕಾ:
ತಂಗಿ, ಕೇಸ್ ಪೇಪರ್ ತಗದು ನೋಡು. ಪರದೆ ಹರದೈತಿ ಅಂತ ಬರದಾರೇನು?

ಗದಗಿನ ಹುಡುಗಿ:
ಹೌದ್ರಿ ಕಾಕಾ. ಕುದುರಿ ಲಾಳದಂಗ ಚಿತ್ರಾ ತಗದು 'ಟಿಯರ್' ಅಂತ ಬರದಾರ.

ಸಪ್ತಾಪುರ ಲ್ಯಾಬ್:
ಹಂಗಾದ್ರ ಮೊದಲ ಅವ್ವಗ ಊಟಕ್ಕ ಬಡಸ್ರಿ. ಕ್ಯಾನ್ಸರ್ ಗಂಟಿನಿಂದ ಪರದೆ ಕಳಚಿ ಏಳೂದಾದ್ರ ಸಾಮಾನ್ಯವಾಗಿ ಹರಕು ಇರೂದಿಲ್ಲ. ನಿಮ್ಮಪ್ಪಾರಿಗೆ ಹರಕಿನೊಳಗಿಂದ ಕಣ್ಣಿನ ನಡುವಿನ ನೀರು ಹಿಂದ ಇಳದದ.

ನಾನು ಧಾರವಾಡದಾಗ ಸೈಟಾಲಜಿ, ಅಂದ್ರ ಕೋಶಗಳ ಪರೀಕ್ಷೆ, ನೋಡ್ತಿದ್ದಾಂವ. ಈ ನೀರು ಲ್ಯಾಬಿಗೆ ಬರೂದ ಅಪರೂಪ. ಬಂದಾಗ ಸ್ಲೈಡಿನ ಮ್ಯಾಲ ದುಂಡನ ಕೋಶ (ಡಾಕ್ಟ್ರು ಅಂದ ಸೆಲ್ಸ್) ಕಾಣ್ತಾವ, ಹೊಟ್ಟಿ ತುಂಬ ಕಂದು ಕಾಳು. ಅದು ಮೆಲನಿನ್ ಅನ್ನೂ ಬಣ್ಣ. ರೆಟಿನಾ ಬೆನ್ನಿಗೆ ಆರ್‌ಪಿಇ ಅಂತ ಬಣ್ಣದ ಕೋಶದ ಒಂದ ಪದರ ಇರ್ತದ; ನೀರು ಹೀರಿ ಹೊರಗ ಹಾಕೂದು, ಪರದೆ ಹಿಡಕೊಂಡಿರೂದು ಅದರ ಕೆಲಸ. ಪರದೆ ಎದ್ದಾಗ ಅದರ ಕೆಲವು ಕೋಶ ಬಿಚ್ಚಿ ತೇಲ್ತಾವ. ಚೂರುಪಾರು ತಿನ್ನಾಕ ರಕ್ತದಿಂದ ಮ್ಯಾಕ್ರೋಫೇಜ್ ಅನ್ನೂ ಕೋಶಾನೂ ಬರ್ತಾವ. ಅದೇ ಬಣ್ಣ ಹರಕಿನಿಂದ ಮುಂದ ಬಂದ್ರ ಕಣ್ಣಿನ ಡಾಕ್ಟ್ರು 'ತಂಬಾಕಿನ ಪುಡಿ' ಅಂತಾರ, ಹರಕು ಅದ ಅನ್ನೂದಕ್ಕ ಅದೇ ಸುಳಿವು.

ಕಾಳಜಿ ಬ್ಯಾರೆ ಅದ. ಇವ ಆರ್‌ಪಿಇ ಕೋಶ ರೂಪಾ ಬದಲಿಸಿ, ರೆಟಿನಾದ ಹಿಂದ ಮುಂದ ಪೊರೆ ಕಟ್ಟಿ, ಗಾಯ ಮಾಯುವಾಗ ಚರ್ಮ ಜಗ್ಗಿದಂಗ ಜಗ್ತಾವ. ಕೂಡಿಸಿದ ಪರದೆ ಮತ್ತ ಏಳ್ತದ. ಇದಕ್ಕ 1983ರಿಂದ ಪಿವಿಆರ್ ಅಂತ ಹೆಸರು. ಆಪರೇಷನ್ ಆದ 100 ಮಂದ್ಯಾಗ 5ರಿಂದ 10 ಮಂದಿಗೆ ಆಗ್ತದ, ಬಹುತೇಕ ಮೊದಲ ಮೂರು ತಿಂಗಳಾಗ. 'ನೋಡ್ಕೊಂಡಿರ್ರಿ' ಅಂದದ್ದು ಇದಕ್ಕ ಇರಬೇಕು. ಇಷ್ಟ ಬಿಡಿಸಿ ಹೇಳಿದ್ರ ಡಾಕ್ಟ್ರ ಗಂಟು ಏನು ಹೋಗ್ತಿತ್ತೋ!

ಕೇಶ್ವಾಪುರ ಕಾಕಾ:
ಗ್ಯಾಸ್ ಕರಗೂತನಕ ವಿಮಾನ ಹತ್ತಸಬ್ಯಾಡ. ಮ್ಯಾಲ ಹೋದಂಗ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡಾ ಏರ್ತೈತಿ.

ಗದಗಿನ ಹುಡುಗಿ:
ವಿಮಾನ ಎಲ್ಲೀದ್ರಿ ಕಾಕಾ, ಗದಗ ಬಸ್ಸಿನಾಗ ಕರಕೊಂಡು ಬಂದೇವಿ. ಅವ್ವಗ ಓದಿ ಹೇಳಿದೆ, ಈಗ ರೊಟ್ಟಿ ಮುರದಾಳ. ಅಪ್ಪಾರು ಕುತ್ತಿಗಿ ಹಿಡದೈತಿ ಅಂತ ಬೈಯಾಕತ್ತಾರ. ಕುಂತು ತಲಿ ಬಗ್ಗಿಸಿದ್ರ ನಡೀತೈತೇನ್ರಿ?

ಸಪ್ತಾಪುರ ಲ್ಯಾಬ್:
ಮುಖ ಕೆಳಗಿದ್ರ ನಡೀತದ. ಟೇಬಲ್ ಮ್ಯಾಲ ದಿಂಬಿಟ್ಟು ಹಣಿ ಊರಸ್ರಿ. ಎಷ್ಟು ದಿನ ಅನ್ನೂದು ಡಾಕ್ಟ್ರನ್ನ ಕೇಳ್ರಿ. ಬದಿಯಿಂದ ಕಪ್ಪು ನೆರಳು ಸರದಂಗ ಕಂಡ್ರ ಮುಂದಿನ ತಾರೀಖು ಕಾಯಬ್ಯಾಡ್ರಿ, ಅವತ್ತ ಹುಬ್ಬಳ್ಳಿ ಬಸ್ ಹತ್ರಿ.