ಅಪ್‌ಡೇಟ್: ಬೇಸಿಗೆಯಲ್ಲಿ ಹಾಯಿದೋಣಿ ಪಾಠ

ಏಪ್ರಿಲ್ ಸೆಕೆಯಲ್ಲಿ ಕಾರವಾರದ ಕಡಲಲ್ಲಿ ಹೊಸಬರಿಗೆ ಹಾಯಿದೋಣಿ ಕಲಿಸೋದು ಹೇಗೆ ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಕೆಲಸಕ್ಕೆ ಬಂದವು ಇವು.

ಲಂಗರು ಹಾಕಿದಾಗ ಬೂಮ್ (ಹಾಯಿಯ ಕೆಳ ಅಂಚನ್ನು ಹಿಡಿಯೋ ಅಡ್ಡ ಕಂಬ) ಮೇಲೆ ಬಿಳಿ ಬಟ್ಟೆ ಹಾಕಿ ಎರಡೂ ಬದಿಗೆ ಕಟ್ಟಿ. ದೋಣಿಯ ಮೂತಿ ತಾನಾಗೇ ಗಾಳಿಗೆ ತಿರುಗಿರುತ್ತೆ, ಮುಂಭಾಗದ ಹ್ಯಾಚ್ (ದೋಣಿಯ ಮೇಲ್ಭಾಗದ ಮುಚ್ಚಳದ ಕಿಂಡಿ) ತೆರೆದರೆ ಒಳಗೂ ಗಾಳಿ. ವಿಂಚ್ (ಹಾಯಿಯ ಹಗ್ಗ ಸುತ್ತಿ ಎಳೆಯೋ ಉರುಳೆ) ಪಾಠ ಆ ನೆರಳಲ್ಲೇ ಮುಗಿಸಿ: ಹಗ್ಗ ಪ್ರದಕ್ಷಿಣೆಯಾಗಿ 2-3 ಸುತ್ತು, ಕೈ ವಿಂಚಿನಿಂದ ಒಂದು ಗೇಣು ದೂರ. ಬೆವರಿದ ಕೈ ಜಾರಿ ಬೆರಳು ಸಿಕ್ಕಿಕೊಳ್ಳೋದು ಇಲ್ಲೇ.

ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಬಟ್ಟೆ ಬಿಚ್ಚಿ ಹಾಯಿ ಏರಿಸಿ. ಗಾಳಿ ಹಿಂದಿನಿಂದ ಬಂದರೆ ದೋಣಿಯೂ ಅದರ ಜೊತೆಗೇ ಓಡುತ್ತೆ, ಮೈಗೆ ತಾಗೋದು ಕಡಿಮೆ. ಅಡ್ಡಗಾಳಿಗೆ ತಿರುಗಿಸಿದರೆ ತಕ್ಷಣ ಹಾಯೆನಿಸುತ್ತೆ.

ಕುಡಿಯೋಕೆ ಬರೀ ನೀರು ಸಾಲದು. ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮವಾಗಿ ಅಳೆದದ್ದು.